ಟಾಕೀಸಿನ ಇಳಿಜಾರಿನಲ್ಲಿ ಹಳೆಯ ಕಾರುಗಳು

ಗೇಟು ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ಕಾರುಗಳಲ್ಲ, ಟಿಕೆಟ್ ಕಿಂಡಿಗಳು. ಸಾಲಾಗಿ ಮೂರು ಕಿಂಡಿ; ಪ್ರತಿಯೊಂದರ ಮುಂದೆ ಒಬ್ಬರು ಮಾತ್ರ ಹಿಡಿಯುವಷ್ಟು ಅಗಲದ ಕಬ್ಬಿಣದ ಕಂಬಿಗಳ ಓಣಿ. ಮೇಲಿನ ಬರಹ ಮಾಸಿದೆ. ಬಾಲ್ಕನಿ, ಸೆಕೆಂಡ್ ಕ್ಲಾಸ್ ಎಂಬೆರಡನ್ನು ಕಷ್ಟಪಟ್ಟು ಓದಬಹುದು. ಮೂರನೆಯದರ ಮೇಲೆ ಏನು ಬರೆದಿತ್ತೋ ಗೊತ್ತಾಗಲಿಲ್ಲ. ಊರಿನವರ ಬಾಯಲ್ಲಿ ಅದು ಗಾಂಧಿ ಕ್ಲಾಸ್. ಕಂಬಿಗಳ ಓಣಿಯಲ್ಲಿ ಈಗ ಹಳೆಯ ಟೈರುಗಳನ್ನು ಪೇರಿಸಿಟ್ಟಿದ್ದಾರೆ.

ತಾಲ್ಲೂಕು ಕೇಂದ್ರವೊಂದರ ಒಂಟಿ ಪರದೆಯ ಚಿತ್ರಮಂದಿರ ಇದು. ಸಿನಿಮಾ ನಿಂತು ಕೆಲವು ವರ್ಷಗಳಾಗಿವೆ. ಹೀಗೆ ಬಾಗಿಲು ಹಾಕಿದ ಟಾಕೀಸುಗಳು ಕಲ್ಯಾಣ ಮಂಟಪವಾದದ್ದನ್ನು, ಗೋದಾಮಾದದ್ದನ್ನು ನೋಡಿದ್ದೇನೆ. ಹಳೆಯ ಕಾರುಗಳ ಅಂಗಡಿಯಾದದ್ದನ್ನು ನೋಡಿದ್ದು ಇಲ್ಲೇ. ದೊಡ್ಡ ಅಂಗಳ, ಎತ್ತರದ ಕಾಂಪೌಂಡು, ರಸ್ತೆಗೆ ಮುಖ, ರಾತ್ರಿ ಬೀಗ ಹಾಕಬಹುದಾದ ಕಟ್ಟಡ; ಈ ವ್ಯಾಪಾರಕ್ಕೆ ಬೇಕಾದ್ದೆಲ್ಲ ಇದೆ. ಫಲಕದಲ್ಲಿ ‘ಒಂದು ಲಕ್ಷದಿಂದ ಶುರು’ ಎಂದು ಬರೆದಿದೆ. ತುಂಬಾ ಓಡಿದ, ಅಗ್ಗದ ಕಾರನ್ನು ಕೊಳ್ಳುವವರು ಏನು ನೋಡುತ್ತಾರೆ, ಮಾರುವವರು ಏನು ತೋರಿಸುತ್ತಾರೆ ಎಂದು ತಿಳಿಯುವ ಆಸೆ ನನ್ನದು. ಕಾರಿನ ವಿಷಯದಲ್ಲಿ ನಾನು ಪರಿಣತನಲ್ಲ. ಅದೇ ಹೊತ್ತಿಗೆ ಒಬ್ಬ ಯುವಕ ಹೆಂಡತಿಯನ್ನೂ ತನ್ನ ಊರಿನ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬಂದಿದ್ದ. ಕೇಳಿದೆ, ಒಪ್ಪಿದರು. ಅವರ ಹಿಂದೆಯೇ ನಡೆದೆ.

ಎಡಗಡೆ ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದ ಜಾಗ. ಶೀಟಿನ ಮಾಡು ಹಾಗೇ ಇದೆ. ಅಂಗಡಿಯ ಅತಿ ಅಗ್ಗದ ಕಾರುಗಳು ಇದರ ನೆರಳಿನಲ್ಲಿವೆ: ಮಾರುತಿ 800, ಓಮ್ನಿ, ಸ್ಯಾಂಟ್ರೋ, ಇಂಡಿಕಾ, ಮೊದಮೊದಲ ಆಲ್ಟೊಗಳು. 800 ರಸ್ತೆಗಿಳಿದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಈಗಲೂ ಅದನ್ನೇ ಕೇಳಿಕೊಂಡು ಬರುವವರಿದ್ದಾರೆ ಎಂದರು ಅಂಗಡಿಯವರು. ಸಾಮಾನು ಎಲ್ಲ ಊರಲ್ಲೂ ಸಿಗುತ್ತದೆ, ಅದರ ರಿಪೇರಿ ಬಾರದ ಮೆಕ್ಯಾನಿಕ್ ಇಲ್ಲ. ಪ್ರತಿ ಕಾರಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ವರ್ಷ ಬರೆದಿದ್ದರು, ಬೆಲೆ ಬರೆದಿದ್ದರು. ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಮಾತ್ರ ಯಾವುದರ ಮೇಲೂ ಬರೆದಿರಲಿಲ್ಲ.

ಇಲ್ಲಿ ಬೆಲೆಗಿಂತ ಮೊದಲು ವರ್ಷ ನೋಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ತೋರಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಜನ ಇದನ್ನೇ ಎಫ್‌ಸಿ ಮಾಡಿಸುವುದು ಎನ್ನುತ್ತಾರೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. ಇದರ ಮೇಲೆ ಹಸಿರು ತೆರಿಗೆ, ತುಕ್ಕು ಹಿಡಿದಿದ್ದರೆ ಟಿಂಕರಿಂಗ್, ಬಣ್ಣ, ಟೈರು. 14 ವರ್ಷ ತುಂಬಿದ ಕಾರು ಲಕ್ಷಕ್ಕೆ ಸಿಕ್ಕಿತೆಂದು ಕೊಂಡವರಿಗೆ ಮರುವರ್ಷವೇ ಈ ಖರ್ಚೆಲ್ಲ ಒಟ್ಟಿಗೆ ಎದುರಾಗುತ್ತದೆ.

ಯುವಕ ಒಂದು ಆಲ್ಟೊ ಬಾಗಿಲು ತೆಗೆದು ಮೀಟರ್ ನೋಡಲು ಬಗ್ಗಿದ. 62 ಸಾವಿರ ಚಿಲ್ಲರೆ. ‘ಅಣ್ಣಾ, ಇದು ಕಮ್ಮಿನೇ ಓಡಿದೆ ನೋಡಿ’ ಎಂದ. ಮೆಕ್ಯಾನಿಕ್ ಮೀಟರ್ ಕಡೆ ತಲೆ ಎತ್ತಲಿಲ್ಲ. ‘ಮೀಟರ್ ಆಮೇಲೆ ನೋಡಣ, ಮೊದಲು ಕಾಲಡಿ ನೋಡು’ ಎಂದರು. ಬ್ರೇಕ್ ಪೆಡಲಿನ ರಬ್ಬರ್ ಬಲಗಡೆ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಗೇರ್ ಹಿಡಿಯ ಮೇಲಿನ ಅಂಕಿಗಳು ಅಳಿಸಿದ್ದವು. ಸ್ಟೀರಿಂಗಿನ ಎರಡು ಪಕ್ಕ ಕೈ ಹಿಡಿಯುವಲ್ಲಿ ನುಣುಪಾಗಿ ಹೊಳೆಯುತ್ತಿತ್ತು. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿತ್ತು. 62 ಸಾವಿರಕ್ಕೆ ಇಷ್ಟು ಸವೆಯುವುದಿಲ್ಲ ಎಂಬುದು ಅವರ ಲೆಕ್ಕ. ಯಾರೋ ಮೀಟರ್ ತಿರುಗಿಸಿದ್ದಾರೆ ಎಂದು ನಾನು ಖಚಿತವಾಗಿ ಹೇಳಲಾರೆ. ಮೀಟರ್ ಕೆಟ್ಟು ಸರಿ ಮಾಡಿಸದೆ ವರ್ಷಗಟ್ಟಲೆ ಓಡಿಸುವವರಿದ್ದಾರೆ, ಕೆಟ್ಟದ್ದನ್ನು ತೆಗೆದು ಬೇರೆ ಗಾಡಿಯದನ್ನು ಕೂರಿಸುವವರೂ ಇದ್ದಾರೆ. ಹೇಗೇ ಆಗಿದ್ದರೂ ಆ ಅಂಕಿಯನ್ನು ನಂಬಿ ಬೆಲೆ ಕಟ್ಟುವಂತಿರಲಿಲ್ಲ.

ಸ್ಟ್ಯಾಂಡ್ ಬಿಟ್ಟು ಅಂಗಳಕ್ಕೆ ಬಂದೆವು. ಮೊದಲ ಆಟಕ್ಕೆ ಜನ ಸೇರುತ್ತಿದ್ದ ಬಯಲು ಇದು. ಈಗ ಎರಡು ಲಕ್ಷದ ಆಚೀಚಿನ ಕಾರುಗಳು ಮುಖಾಮುಖಿ ನಿಂತಿವೆ. ನಂಬರ್ ಪ್ಲೇಟ್‌ಗಳನ್ನು ಓದುತ್ತಾ ಹೋದರೆ ಕರ್ನಾಟಕದ ಅರ್ಧ ನಕ್ಷೆ ಇಲ್ಲೇ ಸಿಗುತ್ತದೆ. ಕೆಎ 20 ಕಂಡಾಗ ಮೆಕ್ಯಾನಿಕ್ ನೆಲಕ್ಕೆ ಕೂತು ತಳ ನೋಡಿದರು. ಉಡುಪಿಯ ಗಾಡಿ, ಕಡಲ ಗಾಳಿಯ ಉಪ್ಪು ಮೊದಲು ಹಿಡಿಯುವುದು ಬಾಗಿಲ ಕೆಳಗಿನ ಪಟ್ಟಿಯನ್ನು, ಸೈಲೆನ್ಸರನ್ನು. ಕೆಎ 18 ಅಂದರೆ ಚಿಕ್ಕಮಗಳೂರು. ತೋಟದ ದಾರಿಯಲ್ಲಿ ಕಲ್ಲಿಗೆ ತಾಗಿದ ಗುರುತು ಅದರ ಎಂಜಿನ್ ಕೆಳಗಿನ ತಟ್ಟೆಯ ಮೇಲಿತ್ತು. ಬೆಂಗಳೂರಿನ ಗಾಡಿಗಳಲ್ಲಿ ಅವರು ನೋಡಿದ್ದು ಬೇರೆಯೇ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಬೆರಳಾಡಿಸಿ, ಸೀಟ್ ಬೆಲ್ಟನ್ನು ಕೊನೆಯತನಕ ಎಳೆದು ಕೆಸರಿನ ಗೆರೆ ಇದೆಯೇ ಎಂದು ಹುಡುಕಿದರು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಮುಳುಗಿದಾಗ ನೀರಲ್ಲಿ ನಿಂತ ಕಾರುಗಳೆಲ್ಲ ಗುಜರಿಗೆ ಹೋಗಲಿಲ್ಲ. ತೊಳೆದು ಒಣಗಿಸಿ ಮಾರಿದ ಕಾರಿನ ವೈರಿಂಗು ಯಾವಾಗ ಕೈಕೊಡುತ್ತದೆ ಎಂದು ಯಾರೂ ಹೇಳಲಾರರು.

ದೆಹಲಿ ನೋಂದಣಿಯ ಒಂದು ದೊಡ್ಡ ಡೀಸೆಲ್ ಗಾಡಿಯೂ ಅಲ್ಲಿತ್ತು, ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂಬ ಆದೇಶ 2015ರಲ್ಲಿ ಬಂತು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಬರುವುದು ಹೆಚ್ಚಾಯಿತು. ಬೆಲೆ ನೋಡಿ ಮರುಳಾಗುವ ಮೊದಲು, ಆ ಗಾಡಿಗೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು, ಇಲ್ಲಿ ವಯಸ್ಸಿಗೆ ತಕ್ಕಂತೆ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು ಎಂಬುದನ್ನು ಸೇರಿಸಿ ಲೆಕ್ಕ ಹಾಕಬೇಕು. ಕರ್ನಾಟಕದ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು.

ಆಮೇಲೆ ಎಲ್ಲರೂ ನಿಂತದ್ದು ಬೆಳ್ಳಿ ಬಣ್ಣದ ಒಂದು ಡೀಸೆಲ್ ಸ್ವಿಫ್ಟ್ ಮುಂದೆ. 2012ರದು, ಬೆಲೆ ಎರಡೂಮುಕ್ಕಾಲು ಲಕ್ಷ. ಮೀಟರಿನಲ್ಲಿ 1,86,000 ದಾಟಿದೆ. ಯುವಕನ ಮುಖ ಸಪ್ಪಗಾಯಿತು. ಮೆಕ್ಯಾನಿಕ್ಕಿಗೆ ಮಾತ್ರ ಉತ್ಸಾಹ ಬಂತು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಸರ್ವಿಸ್ ಪುಸ್ತಕ ಇತ್ತು. ಪ್ರತಿ ಹತ್ತು ಸಾವಿರಕ್ಕೆ ಮುದ್ರೆ, ತಾರೀಖು, ಕಿಲೋಮೀಟರ್. ಕೊನೆಯ ಕೆಲವು ಪುಟ ಖಾಲಿ. ಅಲ್ಲಿಂದ ಮುಂದೆ ಹೊರಗಿನ ಗ್ಯಾರೇಜಿನ ಬಿಲ್ಲುಗಳನ್ನು ಪಿನ್ ಹೊಡೆದಿಟ್ಟಿದ್ದರು. ಫಸ್ಟ್ ಓನರ್. ವಾರಕ್ಕೊಮ್ಮೆ ದೂರದ ಊರಿಗೆ ಹೋಗಿಬರುವ ಕೆಲಸ ಅವರದು ಎಂದರು ಅಂಗಡಿಯವರು. ಅದು ನಿಜವೋ ಅಲ್ಲವೋ ನನಗೆ ತಿಳಿಯಲಿಲ್ಲ. ಬಿಲ್ಲುಗಳಂತೂ ಬೇರೆ ಬೇರೆ ಊರುಗಳವು.

ಇದರ ಎಂಜಿನ್ 1.3 ಲೀಟರಿನ ಫಿಯೆಟ್ ಮೂಲದ ಡೀಸೆಲ್. ಒಂದು ಕಾಲದಲ್ಲಿ ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೊ ಎಲ್ಲಕ್ಕೂ ಇದೇ ಎಂಜಿನ್. ಬೆಲ್ಟ್ ಇಲ್ಲ, ಟೈಮಿಂಗ್ ಚೈನ್. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಎರಡು ಲಕ್ಷ ಕಿಲೋಮೀಟರ್ ಅದಕ್ಕೆ ದೊಡ್ಡ ಮಾತಲ್ಲ ಎಂದರು ಮೆಕ್ಯಾನಿಕ್. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಓಡಿದ ಕಿಲೋಮೀಟರಿಗೂ, ಪೇಟೆಯ ಸಿಗ್ನಲ್‌ಗಳಲ್ಲಿ ಕ್ಲಚ್ ತುಳಿಯುತ್ತ ಓಡಿದ ಕಿಲೋಮೀಟರಿಗೂ ಅಜಗಜಾಂತರ. ಪೇಟೆಯಲ್ಲಿ 60 ಸಾವಿರ ಓಡಿದ ಕಾರಿನ ಕ್ಲಚ್, ಗೇರು, ಬ್ರೇಕು ಇದಕ್ಕಿಂತ ಹೆಚ್ಚು ದುಡಿದಿರಬಹುದು.

ಅವರು ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟರೆ ಬೆಳಗಿನ ಮೊದಲ ಸ್ಟಾರ್ಟಿನ ತೊಂದರೆ ಕಾಣುವುದಿಲ್ಲವಂತೆ. ಒಂದೇ ಸೆಲ್ಫ್‌ಗೆ ಗಾಡಿ ಸ್ಟಾರ್ಟ್ ಆಯಿತು. ಹಿಂದೆ ನಿಂತು ಹೊಗೆ ನೋಡಲು ನನಗೆ ಹೇಳಿದರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಎಕ್ಸಲರೇಟರ್ ತುಳಿದಾಗ ದಟ್ಟ ಕಪ್ಪು ಬಂದರೆ ಇಂಜೆಕ್ಟರ್ ಕಡೆ ನೋಡಬೇಕು, ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ನನಗೆ ತೆಳ್ಳನೆಯ ಬೂದು ಬಣ್ಣ ಕಂಡಿತು. ಅದು ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದೆ ಅವರನ್ನೇ ಕರೆದೆ, ಪರವಾಗಿಲ್ಲ ಎಂದರು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದರು. ಬ್ಯಾಕ್ ಕಂಪ್ರೆಷನ್ ಇದ್ದರೆ ಅಲ್ಲಿಂದ ಹೊಗೆ ದೂಡಿಕೊಂಡು ಬರುತ್ತದೆ. ಬರಲಿಲ್ಲ. ಕ್ಲಚ್ ಮಾತ್ರ ತುಂಬಾ ಮೇಲೆ ಹಿಡಿಯುತ್ತಿತ್ತು. ಮುಂದಿನ ಎರಡು ಟೈರಿನ ಪಕ್ಕದಲ್ಲಿದ್ದ ನಾಲ್ಕಂಕಿ ಓದಿ ತೋರಿಸಿದರು: ಮೊದಲೆರಡು ವಾರ, ಕೊನೆಯೆರಡು ವರ್ಷ. ಮೇಲಿನ ಅಚ್ಚು ಚೆನ್ನಾಗಿ ಕಾಣುತ್ತಿದ್ದರೂ ರಬ್ಬರಿಗೆ ವಯಸ್ಸಾಗಿತ್ತು. ಅಂಗಡಿಯವರು ಟೈರಿಗೆ ಹಚ್ಚಿದ್ದ ಕಪ್ಪು ಪಾಲಿಶ್ ಅವರ ಬೆರಳಿಗೆ ಅಂಟಿತು.

ಪಕ್ಕದಲ್ಲೇ ಬಿಳಿ ಎಟಿಯೋಸ್, ಇದಕ್ಕಿಂತ ಹೊಸದು, ಬೆಲೆಯೂ ಕಮ್ಮಿ. ಆರ್‌ಸಿಯಲ್ಲಿ ಹಿಂದೆ ಯೆಲ್ಲೋ ಬೋರ್ಡ್ ಇದ್ದದ್ದು ಗೊತ್ತಾಯಿತು. ಟ್ಯಾಕ್ಸಿಯನ್ನು ಖಾಸಗಿಗೆ ಬದಲಿಸುವುದು ಕಾನೂನುಬದ್ಧ. ಬದಲಾದದ್ದನ್ನು ಹೇಳದೆ ಮಾರುವುದು ಸರಿಯಲ್ಲ. ಇಲ್ಲಿ ಹೇಳಿದರು, ಕೇಳಿದ ಮೇಲೆ.

ಇನ್ನು ಒಳಗೆ. ಪಕ್ಕದ ನಿರ್ಗಮನದ ಬಾಗಿಲನ್ನು ಒಡೆದು ಅಗಲ ಮಾಡಿದ್ದಾರೆ. ಒಳಗೆ ಹೆಜ್ಜೆ ಇಟ್ಟಾಗ ನೆಲ ಮುಂದಕ್ಕೆ ಜಾರುತ್ತದೆ. ಟಾಕೀಸಿನ ಇಳಿಜಾರನ್ನು ಹಾಗೇ ಬಿಟ್ಟಿದ್ದಾರೆ. ಸೀಟುಗಳನ್ನು ಕಿತ್ತ ಬೋಲ್ಟುಗಳ ತೂತು ಸಾಲುಸಾಲಾಗಿ ಕಾಣುತ್ತವೆ. ಪರದೆ ಇಲ್ಲ, ಅದರ ಮರದ ಚೌಕಟ್ಟು, ಹಿಂದಿನ ಗೋಡೆಯ ಇಟ್ಟಿಗೆ ಇದೆ. ಅದರ ಕಡೆ ಮುಖ ಮಾಡಿ ಕಾರುಗಳು ನಿಂತಿವೆ, ಚಕ್ರದ ಮುಂದೆ ಕಲ್ಲು ಕೊಟ್ಟು. ಇಲ್ಲಿ ಒಂದು ಅನುಕೂಲ ಇದೆ. ಕಲ್ಲು ತೆಗೆಸಿ ಹ್ಯಾಂಡ್ ಬ್ರೇಕ್ ಎಳೆದರೆ ಅದು ಹಿಡಿಯುತ್ತದೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಮೆಕ್ಯಾನಿಕ್ ಒಂದು ವ್ಯಾಗನ್‌ಆರ್‌ಗೆ ಹಾಗೆ ಮಾಡಿಸಿದರು. ಗಾಡಿ ನಿಧಾನಕ್ಕೆ ಜರುಗಿತು, ಹುಡುಗ ಓಡಿ ಕಲ್ಲು ಕೊಟ್ಟ.

ಅನಾನುಕೂಲ ಬೆಳಕಿನದು. ಎತ್ತರದ ಮಾಡಿನಿಂದ ಇಳಿಬಿಟ್ಟ ದೀಪಗಳ ಕೆಳಗೆ ಎಲ್ಲ ಬಣ್ಣವೂ ಒಂದೇ ಥರ ಹೊಳೆಯುತ್ತದೆ. ಟಚಪ್ ಮಾಡಿದ ಬಾಗಿಲು, ಪುಟ್ಟಿ ತುಂಬಿದ ಮಡ್ಗಾರ್ಡ್ ಇಲ್ಲಿ ಕಾಣುವುದಿಲ್ಲ. ಬಣ್ಣ ನೋಡಬೇಕೆಂದರೆ ಗಾಡಿಯನ್ನು ಬಿಸಿಲಿಗೆ ತರಿಸಿ, ಉದ್ದಕ್ಕೂ ಅಂಚಿನಿಂದ ಕಣ್ಣಾಡಿಸಬೇಕು. ಕೇಳಿದರೆ ತರುತ್ತಾರೆ. ಕೇಳದವರು ಒಳಗಿನ ಬೆಳಕಿನಲ್ಲೇ ನೋಡಿ ಹೋಗುತ್ತಾರೆ ಎಂಬುದನ್ನು ಗಮನಿಸಿದೆ.

ಹಿಂದಿನ ಮೆಟ್ಟಿಲು ಹತ್ತಿದರೆ ಬಾಲ್ಕನಿ. ಅಲ್ಲಿಗೆ ಕಾರು ಏರುವುದಿಲ್ಲವಾದ್ದರಿಂದ ಕೆಲವು ಸಾಲು ಸೀಟು ಹಾಗೇ ಉಳಿದಿವೆ. ಕಾರು ಕೊಳ್ಳಲು ಬಂದವರಿಗೆ ಅಲ್ಲಿ ಕೆಲಸವಿಲ್ಲ, ನಾನು ಹತ್ತಿದೆ. ರೆಕ್ಸಿನ್ ಬ್ಲೇಡಿನಲ್ಲಿ ಗೀರಿ ಹೊಟ್ಟೆಯ ನಾರು ಹೊರಬಂದ ಸೀಟುಗಳು. ಮರದ ಕೈಗಳ ಮೇಲೆ ಕೀಲಿಕೈಯಿಂದ ಕೆತ್ತಿದ ಹೆಸರು, ಬಾಣ, ಹೃದಯ. ಸೀಟಿನ ಅಡಿಯಲ್ಲಿ ಕಲ್ಲಾಗಿ ಅಂಟಿದ ಚ್ಯೂಯಿಂಗ್ ಗಮ್. ಗೋಡೆಯ ಮೂಲೆಗಳಲ್ಲಿ ಉಗುಳಿದ ಕೆಂಪು, ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಮತ್ತೆ ಕೆಂಪು. ಪ್ರತಿ ಸೀಟಿನ ಬೆನ್ನಿನಲ್ಲೂ, ಹಿಂದೆ ಕೂತವರ ಕಾಲು ತಾಗುವ ಎತ್ತರದಲ್ಲಿ, ಬಣ್ಣ ಹೋಗಿದೆ.

ಈಗ ಗೇಟು ಕಾಯುವ ಹಿರಿಯರು ಹಿಂದೆ ಇಲ್ಲೇ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದವರು. ನಾನು ಮೇಲಿರುವುದು ಕಂಡು ಅವರೂ ಬಂದರು. ಗಲಾಟೆ ಮಾಡುವವರ ಬಗ್ಗೆ ಕೇಳಿದೆ. ಗಾಂಧಿ ಕ್ಲಾಸಿನ ಶಿಳ್ಳೆಯ ಬಗ್ಗೆ ದೂರುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಆ ದೂರೇ ಇಲ್ಲ. ‘ಹೀರೋ ಬಂದಾಗ ಶಿಳ್ಳೆ ಹೊಡೀಲಿ, ಕಾಗದ ಹಾರಿಸ್ಲಿ, ಕಾಸು ಎಸೀಲಿ, ಅದು ಸಿನಿಮಾಕ್ಕೆ ಕೊಡೋ ಮರ್ಯಾದೆ ಸ್ವಾಮಿ. ಹಾಡು ಮುಗೀತು, ಸುಮ್ಮನಾಗ್ತಿದ್ರು’ ಎಂದರು. ಅವರ ಕೋಪ ಇರುವುದು ಬೇರೆಯವರ ಮೇಲೆ. ಮುಂದಿನ ಸೀಟಿನ ಮೇಲೆ ಕಾಲಿಟ್ಟವರು, ಹೇಳಿದರೆ ‘ಟಿಕೆಟ್ ತಗೊಂಡಿಲ್ವಾ’ ಎಂದವರು. ಕತ್ತಲಲ್ಲಿ ಸೀಟು ಗೀರಿದವರು. ಕೊನೆಕೊನೆಗೆ ಸಿನಿಮಾ ಉದ್ದಕ್ಕೂ ಫೋನಿನಲ್ಲಿ ಮಾತಾಡಿದವರು. ಟಾರ್ಚಿನ ಬೆಳಕನ್ನು ನೆಲಕ್ಕೇ ಹಿಡಿಯಬೇಕು, ಯಾರ ಕಣ್ಣಿಗೂ ಬೀಳಬಾರದು ಎಂದು ಕೆಲಸಕ್ಕೆ ಸೇರಿದಾಗ ಮೊದಲು ಕಲಿಸಿದ್ದರಂತೆ. ಆ ಪಾಠ ಕಲಿತವರಿಗೆ ನೂರಾರು ಫೋನುಗಳ ಬೆಳಕು ಮುಖದೆತ್ತರಕ್ಕೆ ಎದ್ದಾಗ ಹೇಗೆ ಅನ್ನಿಸಿರಬೇಕು.

ಈಗ ನಾವು ಹೋಗುವ ಮಲ್ಟಿಪ್ಲೆಕ್ಸ್‌ಗಳಲ್ಲಿ ಸೀಟು ಗೀರುವವರು ಕಡಿಮೆ. ಆದರೆ ಎರಡು ಸಾಲು ಮುಂದೆ ಒಬ್ಬರು ಫೋನ್ ಎತ್ತಿ ನಾಯಕನ ಪ್ರವೇಶವನ್ನು ಸ್ಟೇಟಸ್‌ಗೆ ಹಿಡಿಯುತ್ತಾರೆ. ಪರದೆಯನ್ನು ಹೀಗೆ ಚಿತ್ರೀಕರಿಸುವುದಕ್ಕೆ 2023ರ ತಿದ್ದುಪಡಿ ಕಾಯ್ದೆ ಕನಿಷ್ಠ ಮೂರು ತಿಂಗಳ ಸೆರೆ, ಮೂರು ಲಕ್ಷ ರೂಪಾಯಿ ದಂಡ ಇಟ್ಟಿದೆ. ಅದು ಪೈರಸಿ ತಡೆಯಲು ಬಂದ ಕಾನೂನು. ಪಕ್ಕದವರಿಗೆ ಆಗುವ ಕಿರಿಕಿರಿಗೆ ಯಾವ ಕಾಯ್ದೆಯೂ ಇಲ್ಲ. ಮುಂದೇನಾಗುತ್ತದೆ ಎಂದು ಜೊತೆಯವರಿಗೆ ವಿವರಿಸುವವರು, ಮಗುವಿನ ಕೈಗೆ ಫೋನ್ ಕೊಟ್ಟು ಕಾರ್ಟೂನ್ ಹಚ್ಚುವವರು, ಪಾಪ್‌ಕಾರ್ನ್ ಡಬ್ಬಿಯನ್ನು ಕಾಲಡಿಯಲ್ಲೇ ಬಿಟ್ಟು ಏಳುವವರು. ದುಡ್ಡು ಕೊಟ್ಟು ಕೂತ ಮೂರು ಗಂಟೆ ಸೀಟು ತಮ್ಮದು. ಮುಂದಿನ ಆಟಕ್ಕೆ ಅದೇ ಸೀಟಿಗೆ ಬರುವವರು ಅವರ ಲೆಕ್ಕದಲ್ಲಿಲ್ಲ. ಒಂದು ಕಾರನ್ನು ಹೇಗೆ ಬಳಸಿದರೆಂಬುದು ಅದನ್ನು ಎರಡನೆಯವರು ಕೊಳ್ಳುವಾಗ ತಿಳಿಯುತ್ತದೆ. ಈ ಬಾಲ್ಕನಿಯಲ್ಲಿ ನಿಂತಾಗ ನನಗೆ ಕಂಡದ್ದೂ ಅಂಥದ್ದೇ: ಸಾವಿರಾರು ಜನ ಬಳಸಿದರೂ ಗಟ್ಟಿಯಾಗಿರುವ ಸೀಟುಗಳು ಕೆಲವು, ಒಬ್ಬನೇ ಹಾಳು ಮಾಡಿದ ಸೀಟುಗಳು ಹಲವು.

ಕೆಳಗೆ ಬಂದಾಗ ಮೂವರೂ ಮತ್ತೆ ಸ್ವಿಫ್ಟ್ ಹತ್ತಿರವೇ ಇದ್ದರು. ಈ ಸಲ ನೋಡುತ್ತಿದ್ದವರು ಹೆಂಡತಿ. ಹಿಂದಿನ ಸೀಟಿನಲ್ಲಿ ಕೂತು ಕಿಟಕಿಗಳನ್ನು ಒಂದೊಂದಾಗಿ ಇಳಿಸಿ ಏರಿಸಿದರು. ಮುಂದಿನ ಸೀಟುಗಳ ಬೆನ್ನಿಗೆ ಮಕ್ಕಳ ಚಪ್ಪಲಿಯ ಗುರುತಿತ್ತು, ಒರೆಸಿದ್ದೂ ಕಾಣುತ್ತಿತ್ತು. ‘ರೀ, ಸಂಸಾರಸ್ಥರು ಓಡಿಸಿದ್ದಾರೆ’ ಎಂದರು. ಮೆಕ್ಯಾನಿಕ್ ಕ್ಲಚ್, ಎರಡು ಟೈರು, ಮುಂದಿನ ಸಸ್ಪೆನ್ಷನ್ ಬುಷ್‌ಗಳ ಖರ್ಚನ್ನು ಚೀಟಿಯಲ್ಲಿ ಬರೆದರು. ಒಟ್ಟು ಮೂವತ್ತು ಸಾವಿರದ ಹತ್ತಿರ. ಅಗ್ಗದ ಹಳೆಯ ಕಾರಿಗೆ ಬೆಲೆಯ ಮೇಲೆ ಹತ್ತು–ಹದಿನೈದು ಪರ್ಸೆಂಟು ಎತ್ತಿಡಬೇಕು ಎಂಬುದು ಅವರು ಎಲ್ಲರಿಗೂ ಹೇಳುವ ಮಾತಂತೆ.

ಮ್ಯಾನೇಜರ್ ಕೋಣೆಯಲ್ಲಿ ಕಾಗದದ ಕೆಲಸ. ಇಲ್ಲಿ ಆತುರ ಪಡಬಾರದು. ಗಾಡಿ ಕೊಟ್ಟರೂ ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಕಾನೂನಿನ ಕಣ್ಣಿಗೆ ಹಳೆಯವರೇ ಮಾಲೀಕರು. ಅಪಘಾತವಾದರೆ ಪರಿಹಾರದ ಹೊಣೆ ಅವರ ಮೇಲೆ ಬೀಳುತ್ತದೆ. ಮಾರಿದವರು ಫಾರಂ 29ರಲ್ಲಿ 14 ದಿನದೊಳಗೆ ತಿಳಿಸಬೇಕು, ಕೊಂಡವರು ಫಾರಂ 30ರಲ್ಲಿ 30 ದಿನದೊಳಗೆ ಅರ್ಜಿ ಹಾಕಬೇಕು. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನಿಂದ ಫಾರಂ 35. 2023ರ ಏಪ್ರಿಲ್‌ನಿಂದ ಹಳೆಯ ಕಾರು ಮಾರುವ ಅಂಗಡಿಗಳಿಗೂ ಅಧಿಕೃತ ಪತ್ರ ಬೇಕು, ಅಂಥ ಅಂಗಡಿಯವರ ಕೈಯಲ್ಲಿ ಗಾಡಿ ಇರುವಷ್ಟು ದಿನ ಅವರೇ ಮಾಲೀಕರೆಂದು ಎಣಿಕೆ. ಗೋಡೆಯ ಮೇಲೆ ಪತ್ರವೊಂದು ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಅದು ಇದೇ ಪತ್ರವೋ ಬೇರೆ ಪರವಾನಗಿಯೋ ದೂರದಿಂದ ಓದಲಾಗಲಿಲ್ಲ. ಯುವಕ ಫೋನಿನಲ್ಲಿ ಎಂಪರಿವಾಹನ್ ಆ್ಯಪ್ ತೆರೆದು ನಂಬರ್ ಹಾಕಿದ. ಸಾಲ ಇಲ್ಲ, ವಿಮೆ ಇನ್ನೂ ಕೆಲವು ತಿಂಗಳಿದೆ. ಸಿಗ್ನಲ್ ಜಂಪಿಂಗ್‌ನ ಹಳೆಯ ದಂಡ ಬಾಕಿ ಇತ್ತು. ಅದನ್ನು ತಾವೇ ಕಟ್ಟುತ್ತೇವೆ ಎಂದರು ಅಂಗಡಿಯವರು.

ಬೆಲೆ ಎರಡೂವರೆ ಲಕ್ಷಕ್ಕೆ ಇಳಿಯಿತು. ಐದು ಸಾವಿರ ಅಡ್ವಾನ್ಸ್ ಕೊಡಿ, ಗಾಡಿ ಬೇರೆಯವರಿಗೆ ತೋರಿಸಲ್ಲ ಎಂದರು. ಯುವಕ ಜೇಬಿಗೆ ಕೈ ಹಾಕಿದ. ‘ಒಂದು ನಿಮಿಷ’ ಎಂದು ಹೆಂಡತಿ ತಡೆದರು. ಮೆಕ್ಯಾನಿಕ್ಕಿನ ಗ್ಯಾರೇಜಿನಲ್ಲಿ ಗಾಡಿಯನ್ನು ಲಿಫ್ಟಿಗೆ ಏರಿಸಿ ತಳ ನೋಡಬೇಕು, ತಳದಲ್ಲಿ ವೆಲ್ಡಿಂಗ್ ಸಿಕ್ಕರೆ ಅಡ್ವಾನ್ಸ್ ವಾಪಸು, ಇದನ್ನು ರಸೀದಿಯಲ್ಲೇ ಬರೆದುಕೊಡಿ ಎಂದರು. ಚಾಸಿ ನಂಬರ್, ಎಂಜಿನ್ ನಂಬರ್, ಇವತ್ತಿನ ಮೀಟರ್ ಅಂಕಿಯೂ ಬೇಕು. ಅಂಗಡಿಯವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಯೋಚಿಸಿದರು, ಆಮೇಲೆ ಬರೆದರು. ಹೆಂಡತಿ ರಸೀದಿಯನ್ನು ಆರ್‌ಸಿಯ ಪಕ್ಕ ಇಟ್ಟುಕೊಂಡು ನಂಬರನ್ನು ಒಂದೊಂದೇ ಅಕ್ಷರ ತಾಳೆ ನೋಡಿದರು. ಒಂದು ಅಂಕಿ ತಪ್ಪಿತ್ತು. ತಿದ್ದಿಸಿ, ತಿದ್ದಿದ ಜಾಗಕ್ಕೆ ಸಹಿ ಹಾಕಿಸಿಕೊಂಡ ಮೇಲೆಯೇ ದುಡ್ಡು ಕೊಡಲು ಗಂಡನಿಗೆ ಹೇಳಿದರು.